ಕೂಡಿದ ಜನಕ್ಕೆ ತಕ್ಕ ಗಾಳಿ

ಬೆಳಗಾವಿಯಿಂದ ಗೋವೆಗೆ ಇಳಿಯುವ ಹೆದ್ದಾರಿಯಲ್ಲಿ, ಘಟ್ಟದ ಅಂಚಿಗಿರುವ ಊರು ಜೋಯಿಡಾ ತಾಲ್ಲೂಕಿನ ಅನಮೋಡ. ಈ ಸೀಮೆಯ ಮಳೆಗಾಲದಲ್ಲಾಗಲಿ, ಡಿಸೆಂಬರಿನ ಚಳಿಯಲ್ಲಾಗಲಿ ನಾವು ಮೊದಲು ಮಾಡುವ ಕೆಲಸ ಕಿಟಕಿ ಮುಚ್ಚುವುದು. ಮನೆಯಲ್ಲಿ ಮೂರು ನಾಲ್ಕು ಮಂದಿ ಇರುವಾಗ ಅದರಿಂದ ಹೆಚ್ಚಿನ ಬಾಧಕವಿಲ್ಲ. ಆದರೆ ಕ್ರಿಸ್ಮಸ್ ರಾತ್ರಿಯ ಬಲಿಪೂಜೆಗೋ ಮದುವೆಯ ಊಟಕ್ಕೋ ಇನ್ನೂರು ಜನ ಕೂಡಿದಾಗಲೂ ಅದೇ ಅಭ್ಯಾಸವನ್ನು ಮುಂದುವರಿಸುತ್ತೇವೆ. ಸ್ವಲ್ಪ ಹೊತ್ತಿನಲ್ಲಿ ಮಕ್ಕಳು ಚಡಪಡಿಸುತ್ತಾರೆ, ಹಿರಿಯರು ತೂಕಡಿಸುತ್ತಾರೆ. ನಾವೋ, ಪ್ರಬೋಧನೆ ದೀರ್ಘವಾಯಿತೆಂದು ಗೊಣಗುತ್ತೇವೆ!

ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗವಿದ್ದರೆ, ನಾವು ಬಿಡುವ ಉಸಿರಿನಲ್ಲಿ ಸುಮಾರು 40,000 ಭಾಗವಿರುತ್ತದೆ. ಕೋಣೆಯಲ್ಲಿ ಅದು 1,000 ಭಾಗವನ್ನು ಮೀರಬಾರದೆಂದು ಮ್ಯೂನಿಕ್ಕಿನ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿಯೇ ಹೇಳಿದ್ದರು. ಒಬ್ಬರು ಬಿಟ್ಟ ಉಸಿರನ್ನು ಮತ್ತೊಬ್ಬರು ಎಷ್ಟು ಸೇವಿಸುತ್ತಿದ್ದಾರೆಂಬುದಕ್ಕೆ ಅದೊಂದು ಗುರುತು. ಕ್ಷಯವೂ ಕೋವಿಡ್ಡೂ ಹರಡುವುದು ಈ ಉಸಿರಿನ ದಾರಿಯಲ್ಲಿಯೇ. 2020ರಲ್ಲಿ ತಿಂಗಳುಗಟ್ಟಲೆ ಮುಚ್ಚಿದ್ದ ಚರ್ಚುಗಳ ಬಾಗಿಲನ್ನು ನಾವು ಮರೆಯಬಾರದು.

ಸಾರ್ವಜನಿಕ ಕಟ್ಟಡಗಳಲ್ಲಿ ತಲೆಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರ ಮಾರ್ಚ್‌ನಲ್ಲಿ ಸೂಚಿಸಿತು. ವಾರದ ದಿನದ ಪೂಜೆಗೆ ಬರುವ ಇಪ್ಪತ್ತು ಜನರಿಗೆ 200 ಲೀಟರ್ ಸಾಕು; ಹಬ್ಬದ ಇನ್ನೂರು ಜನರಿಗೆ 2,000 ಲೀಟರ್ ಬೇಕು. ಕಟ್ಟಡ ಅದೇ, ಅಗತ್ಯ ಮಾತ್ರ ಹತ್ತು ಪಟ್ಟು. ಛಾವಣಿಯ ಫ್ಯಾನು ಈ ಕೊರತೆಯನ್ನು ತುಂಬಲಾರದು. ಅದು ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಹಂಚಿನ ಮಾಡಿನ ಸಂದುಗಳಲ್ಲಿ ಹಿಂದೆ ತಾನಾಗಿಯೇ ಆಡುತ್ತಿದ್ದ ಗಾಳಿ, ಕಾಂಕ್ರೀಟು ಛಾವಣಿ ಗಾಜಿನ ಕಿಟಕಿಗಳ ಕಟ್ಟಡಗಳಲ್ಲಿ ಆಡುವುದಿಲ್ಲ.

ದೊಡ್ಡ ನಗರಗಳ ಕೆಲವು ಕಟ್ಟಡಗಳಲ್ಲಿ ಈ ಅನಿಲವನ್ನು ಅಳೆಯುವ ಯಂತ್ರವು ಜನ ಹೆಚ್ಚಿದಂತೆ ಹೊರಗಾಳಿಯನ್ನು ಹೆಚ್ಚಿಸಿ, ಜನ ಕರಗಿದಂತೆ ತಗ್ಗಿಸುತ್ತದೆ, ವಿದ್ಯುತ್ತೂ ಉಳಿಯುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಬಾಗಿಲಲ್ಲಿ ನಿಲ್ಲುವ ಯುವಕನೊಬ್ಬನೇ ಮಾಡಬಲ್ಲ. ಬೆಂಚುಗಳು ಅರ್ಧ ತುಂಬಿದೊಡನೆ ಮಳೆ ಬೀಳದ ಕಡೆಯ ಕಿಟಕಿಗಳನ್ನೂ ಎದುರು ಬಾಗಿಲನ್ನೂ ತೆರೆಯಲಿ. ಪೂರ್ಣ ತುಂಬಿದಾಗ ಎಲ್ಲವನ್ನೂ ತೆರೆದು, ಗಾಳಿ ಹೊರದೂಡುವ ಫ್ಯಾನು ಇದ್ದರೆ ಅದನ್ನೂ ಹಾಕಲಿ. ಜನ ಚದುರಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮುಚ್ಚಿದರೆ ಗೋಡೆಗೆ ಥಂಡಿಯೂ ಹಿಡಿಯದು.

ಚಳಿಗೆ ಒಂದು ಶಾಲು ಹೆಚ್ಚು ಹೊದೆಯಬಹುದು. ಪಕ್ಕದಲ್ಲಿ ಕುಳಿತ ಅಜ್ಜಿಗೂ ತೊಟ್ಟಿಲ ಕೂಸಿಗೂ ಹಳಸಿದ ಉಸಿರಿನಿಂದ ಬೇರೆ ರಕ್ಷಣೆಯಿಲ್ಲ. ಈ ಹಬ್ಬಕ್ಕೆ ಕಿಟಕಿಯ ಹೊಣೆ ಯಾರದೆಂದು ನಾವು ಮೊದಲೇ ಗೊತ್ತುಮಾಡಿಕೊಳ್ಳೋಣ.