ಟರ್ಮಿನಲ್ ಕೀಲಿಕೈ ಯಾರ ಕೈಲಿರಬೇಕು?

ಮನೆಗೊಬ್ಬ ಅಡುಗೆಯವನನ್ನು ಕರೆಸಿದ್ದೀರಿ ಎಂದುಕೊಳ್ಳಿ. ಕೈರುಚಿ ಚೆನ್ನಾಗಿದೆ. ಆದರೆ ಅವನದೊಂದು ವಿಚಿತ್ರ ಅಭ್ಯಾಸ. ಒಂದು ಕೆಲಸ ಮುಗಿದ ಕೂಡಲೇ ಒಲೆ ಆರಿಸಿ ಹೊರಗೆ ಹೋಗಿಬಿಡುತ್ತಾನೆ. ಒಗ್ಗರಣೆ ಹಾಕು ಎಂದು ಮತ್ತೆ ಕರೆದರೆ, ಬೆಂದ ಬೇಳೆಯೇನೋ ಪಾತ್ರೆಯಲ್ಲೇ ಇರುತ್ತದೆ. ಆದರೆ ಒಲೆ ಹಚ್ಚುವುದರಿಂದ ಹಿಡಿದು ಎಲ್ಲವೂ ಹೊಸದಾಗಿ ಆಗಬೇಕು.

ಪ್ರೋಗ್ರಾಂ ಬರೆದುಕೊಡುವ ಎಐ ಸಹಾಯಕಗಳಿಗೂ ಇಂಥದೇ ತೊಡಕಿದೆ. ಮೊದಮೊದಲು ಇವು ಕೋಡ್ ಬರೆದು ಪರದೆಯ ಮೇಲೆ ತೋರಿಸುತ್ತಿದ್ದವು, ಅಷ್ಟೆ. ಅದನ್ನು ನಕಲು ಮಾಡಿಕೊಂಡು ನಡೆಸಿ ನೋಡುವುದು ವಿದ್ಯಾರ್ಥಿಯ ಪಾಲಿನ ಕೆಲಸ. 2025ರಲ್ಲಿ ಕ್ಲಾಡ್ ಕೋಡ್, ಕೋಡೆಕ್ಸ್ ಸಿಎಲ್‌ಐ, ಜೆಮಿನಿ ಸಿಎಲ್‌ಐಗಳು ಒಂದರ ಹಿಂದೊಂದು ಬಂದವು. ಇವು ನಿಮ್ಮ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ತಾವೇ ಆಜ್ಞೆ ಕೊಟ್ಟು ಕೆಲಸ ಮಾಡಬಲ್ಲವು.

ಆರದ ಒಲೆ

ಟರ್ಮಿನಲ್ ಎಂದರೆ ಅಕ್ಷರಗಳಲ್ಲೇ ಆಜ್ಞೆ ಕೊಡುವ, ಬಹುತೇಕ ಕಪ್ಪಾಗಿ ಕಾಣುವ ಆ ಪರದೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಯೂನಿಕ್ಸ್ ಕಟ್ಟತೊಡಗಿದಾಗ ಟೆಲಿಪ್ರಿಂಟರ್ ಯಂತ್ರವೇ ಟರ್ಮಿನಲ್ ಆಗಿತ್ತು. ನಾವು ಯಾವ ಫೋಲ್ಡರಿನಲ್ಲಿದ್ದೇವೆ, ಯಾವ ಪ್ರೋಗ್ರಾಂ ನಡೆಯುತ್ತಿದೆ ಎಂಬುದೆಲ್ಲ ಅದರ ನೆನಪಿನಲ್ಲಿರುತ್ತದೆ. ಪ್ರತಿ ಆಜ್ಞೆಗೂ ಹೊಸ ಟರ್ಮಿನಲ್ ತೆರೆದು ಮುಚ್ಚಿದರೆ ಆ ನೆನಪು ಅಳಿಸಿಹೋಗುತ್ತದೆ. ಫೈಲುಗಳು ಮಾತ್ರ ಉಳಿಯುತ್ತವೆ.

ಹತ್ತನೇ ತರಗತಿಯ ಹುಡುಗಿಯೊಬ್ಬಳ ಪ್ರೋಗ್ರಾಂ ‘ನಿಮ್ಮ ವಯಸ್ಸೆಷ್ಟು?’ ಎಂದು ಕೇಳಿ ನಿಲ್ಲುತ್ತದೆ ಎನ್ನಿ. ನೆನಪಿಲ್ಲದ ಸಹಾಯಕ ಅಲ್ಲೇ ಸಿಕ್ಕಿಬೀಳುತ್ತದೆ. ತೆರೆದೇ ಇರುವ ಟರ್ಮಿನಲ್ ಕೊಟ್ಟರೆ 15 ಎಂದು ಉತ್ತರಿಸಿ ಮುಂದೇನಾಯಿತೆಂದು ನೋಡುತ್ತದೆ. ತಪ್ಪು ಹುಡುಕುವಾಗ ಪ್ರೋಗ್ರಾಂ ಅನ್ನು ನಡುವೆ ನಿಲ್ಲಿಸಿ, ಒಂದೊಂದೇ ಸಾಲು ಮುಂದೆ ನಡೆಸಿ ನೋಡುವುದೂ ಹೀಗೆ ಸಾಧ್ಯ.

ಇದಕ್ಕೆ ಬಳಕೆಯಾಗುವ ಸಾಧನಗಳೂ ಹಳೆಯವೇ. 1987ರ ‘ಸ್ಕ್ರೀನ್’, 2007ರ ‘ಟಿಮಕ್ಸ್’ ಹುಟ್ಟಿದ್ದು ಮನುಷ್ಯರಿಗಾಗಿ. ಸಂಪರ್ಕ ಕಡಿದರೂ ಕೆಲಸ ನಿಲ್ಲಬಾರದೆಂದು. ಒಂದು ಆಜ್ಞೆಯಿಂದ ಕೀಲಿ ಒತ್ತಿಸಬಹುದು, ಇನ್ನೊಂದರಿಂದ ಪರದೆಯನ್ನು ಓದಬಹುದು. ಎಐಗೆ ಬೇಕಾದದ್ದೂ ಇಷ್ಟೇ.

ನೆನಪಿನ ಜೊತೆಗೆ ಅಧಿಕಾರ

ಆದರೆ ತೆರೆದ ಟರ್ಮಿನಲ್ ಅಧಿಕಾರವನ್ನೂ ನೆನಪಿಟ್ಟುಕೊಳ್ಳುತ್ತದೆ. ಉಬುಂಟುವಿನಲ್ಲಿ ‘ಸುಡೊ’ ಆಜ್ಞೆಗೆ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಸಾಮಾನ್ಯವಾಗಿ 15 ನಿಮಿಷ ಅದೇ ಟರ್ಮಿನಲ್‌ನಲ್ಲಿ ಮತ್ತೆ ಕೇಳುವುದಿಲ್ಲ. ಆ ಹೊತ್ತಿನಲ್ಲಿ ಅಲ್ಲಿ ಕುಳಿತವರು ಇಡೀ ಕಂಪ್ಯೂಟರಿಗೆ ಯಜಮಾನರು. ಪರೀಕ್ಷೆಗೆಂದು ಮಾಡಿದ ಫೋಲ್ಡರಿನಲ್ಲಿದ್ದೇನೆಂದು ಭಾವಿಸಿ, ನಿಮ್ಮ ಪ್ರಾಜೆಕ್ಟ್ ಫೋಲ್ಡರಿನಲ್ಲಿ ‘ಆರ್‌ಎಂ’ ಎಂಬ ಅಳಿಸುವ ಆಜ್ಞೆ ಕೊಟ್ಟರೆ ಮುಗಿಯಿತು. ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ.

ಇದು ಬರೀ ಹೆದರಿಕೆಯ ಮಾತಲ್ಲ. 2025ರ ಜುಲೈನಲ್ಲಿ ರೆಪ್ಲಿಟ್ ಕಂಪನಿಯ ಎಐ ಸಹಾಯಕ, ಯಾವ ಬದಲಾವಣೆಯೂ ಬೇಡವೆಂದು ಹೇಳಿದ್ದರೂ, ಉದ್ಯಮಿ ಜೇಸನ್ ಲೆಮ್ಕಿನ್ ಅವರ ಬಳಕೆಯಲ್ಲಿದ್ದ ದತ್ತಾಂಶವನ್ನು ಅಳಿಸಿಹಾಕಿತು. ಮರಳಿ ಪಡೆಯಲು ಸಾಧ್ಯವಿಲ್ಲವೆಂದೂ ಹೇಳಿತು. ಆಮೇಲೆ ನೋಡಿದರೆ ಸಾಧ್ಯವಿತ್ತು! ಕಂಪನಿಯ ಮುಖ್ಯಸ್ಥ ಅಮ್ಜದ್ ಮಸಾದ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಹಾಗಾದರೆ ಏನು ಮಾಡಬೇಕು?

ಹೆದರಿ ದೂರವಿಡಬೇಕಿಲ್ಲ. ಸಹಾಯಕಕ್ಕೆ ಕಂಪ್ಯೂಟರಿನಲ್ಲಿ ಬೇರೆಯದೇ ಖಾತೆ ಮಾಡಿಕೊಡಿ. ಅಪ್ಪನ ಬ್ಯಾಂಕ್ ಕಾಗದಗಳಿರುವ ಖಾತೆ ಬೇಡ. ಕೆಲಸ ಒಪ್ಪಿಸುವ ಮುನ್ನ ‘ಗಿಟ್’ನಲ್ಲಿ ಒಂದು ಪ್ರತಿ ಉಳಿಸಿ, ಇನ್ನೊಂದನ್ನು ಪೆನ್‌ಡ್ರೈವಿಗೆ ಹಾಕಿಡಿ. ಪಾಸ್‌ವರ್ಡ್ ಕೇಳುವ ಆಜ್ಞೆ ಬಂದರೆ ನೀವೇ ನಡೆಸಿ, ಬೇರೊಂದು ಟರ್ಮಿನಲ್‌ನಲ್ಲಿ. ಈ ಆಜ್ಞೆ ನಡೆಸಲೇ ಎಂದು ಅದು ಅನುಮತಿ ಕೇಳಿದಾಗ ಓದದೆ ‘ಹೂಂ’ ಎನ್ನಬೇಡಿ.

ಟಿಮಕ್ಸ್‌ನಲ್ಲಿ ಇನ್ನೊಂದು ಅನುಕೂಲವಿದೆ. ಸಹಾಯಕ ಕೆಲಸ ಮಾಡುತ್ತಿರುವ ಅದೇ ಪರದೆಯನ್ನು ನೀವೂ ತೆರೆದು ನೋಡುತ್ತ ಕೂರಬಹುದು. ಅದು ಏನು ಟೈಪ್ ಮಾಡಿತು, ಯಾವ ತಪ್ಪು ಬಂತು, ಹೇಗೆ ಸರಿಪಡಿಸಿತು ಎಲ್ಲವೂ ಕಣ್ಣೆದುರಿಗೇ ನಡೆಯುತ್ತದೆ. ಸುಮ್ಮನೆ ಉತ್ತರ ಪಡೆದವನಿಗಿಂತ ಹೀಗೆ ನೋಡಿದವನೇ ಹೆಚ್ಚು ಕಲಿಯುತ್ತಾನೆ.

ತಂದೆತಾಯಿಗಳಿಗೆ ಕಂಪ್ಯೂಟರ್ ಗೊತ್ತಿರಬೇಕೆಂದೇನಿಲ್ಲ. ಸಂಜೆ ಮಗನ ಪಕ್ಕ ಕುಳಿತು, ಪರದೆಯ ಒಂದು ಸಾಲಿಗೆ ಬೆರಳಿಟ್ಟು, ‘ಇದು ಏನು ಮಾಡಿತಪ್ಪಾ?’ ಎಂದು ಕೇಳಿದರೆ ಸಾಕು. ಉತ್ತರ ತಡವರಿಸಿದರೆ, ಪ್ರಾಜೆಕ್ಟ್ ಮಾಡಿದ್ದು ಮಗನಲ್ಲ ಎಂದು ತಿಳಿಯಿರಿ. ಅಡುಗೆ ಯಾರೇ ಮಾಡಲಿ, ಒಲೆಯ ಬಳಿ ಮನೆಯವರೊಬ್ಬರು ಇರಲೇಬೇಕು.