ಲೇಸಿನ ಗಂಟು, ಜೇಬಿನ ಕೀಲಿಕೈ

ಪಾಲಮಲೆಯ ತಪ್ಪಲಲ್ಲಿ ಮೆಟ್ಟೂರು ಅಣೆಕಟ್ಟೆಯ ಹಿನ್ನೀರು. 1934ರಲ್ಲಿ ಕಟ್ಟಿ ಮುಗಿದ ಅಣೆಕಟ್ಟೆ, ಪೂರ್ಣಮಟ್ಟ 120 ಅಡಿ. ಇಲ್ಲಿ ಹರಿಗೋಲಿನಲ್ಲಿ ಕೂತು ಮೀನು ಹಿಡಿಯುತ್ತಾರೆ. ಹರಿಗೋಲು ಮಗುಚಿತೆನ್ನಿ, ಕಾಲಿಗೆ ತೊಡರಿದ ಬಲೆ, ಸಡಿಲ ಲುಂಗಿ ಎರಡೂ ಈಜಲು ಬಿಡವು.

ಹೆಲಿಕಾಪ್ಟರಿನದೂ ಇದೇ ಕಥೆ.

ಅದರ ಎಂಜಿನ್, ಗೇರ್‌ಬಾಕ್ಸ್ ನೆತ್ತಿಯ ಮೇಲಿರುತ್ತವೆ. ನೀರಿಗಿಳಿದರೆ ಆ ಭಾರಕ್ಕೆ ಸುಲಭವಾಗಿ ತಲೆಕೆಳಗಾಗುತ್ತದೆ. 2022ರ ಜೂನ್ 28ರಂದು ಮುಂಬೈ ಹೈ ತೈಲಕ್ಷೇತ್ರದಲ್ಲಿ ಹೆಲಿಕಾಪ್ಟರೊಂದು ಸಮುದ್ರಕ್ಕೆ ಬಿತ್ತು. ಒಳಗಿದ್ದ 9 ಜನರಲ್ಲಿ 4 ಮಂದಿ ತೀರಿಕೊಂಡರು.

ಅದಕ್ಕೇ ನೀರಿಗೆ ಬಿದ್ದ ಹೆಲಿಕಾಪ್ಟರಿನಿಂದ ಪಾರಾಗುವ ತರಬೇತಿ ಇದೆ. ಕೊಚ್ಚಿಯ ಐಎನ್‌ಎಸ್ ಗರುಡದಲ್ಲಿ ನೌಕಾಪಡೆಯವರು ಇದನ್ನು ಕಲಿಯುತ್ತಾರೆ. ಕೊಳದೊಳಗೆ ಒಂದು ನಕಲಿ ಕ್ಯಾಬಿನ್ ಮುಳುಗಿ, ಮಗುಚಿಕೊಳ್ಳುತ್ತದೆ.

ಸಿದ್ಧತೆ ಶುರುವಾಗುವುದು ದಡದಲ್ಲೇ. ಉಂಗುರ, ಸರ, ಗಡಿಯಾರ ತೆಗೆದಿಡಬೇಕು. ಜೇಬು ಖಾಲಿ: ಪೆನ್ನು, ಕೀಲಿಕೈ, ಮೊಬೈಲ್ ಯಾವುದೂ ಬೇಡ. ಉದ್ದ ಕೂದಲನ್ನು ಬಿಗಿಯಾಗಿ ಕಟ್ಟಿ ಹೆಲ್ಮೆಟ್ಟಿನೊಳಗೆ ಸೇರಿಸಬೇಕು. ಶೂ ಲೇಸಿಗೆ ಎರಡು ಗಂಟು ಹಾಕಿ, ತುದಿಗಳನ್ನು ಒಳಗೆ ತೂರಿಸಬೇಕು. ಜೋತಾಡುವ ಒಂದು ಲೇಸು ಸೀಟಿನ ಕೊಂಡಿಗೆ ಸಿಕ್ಕಿದರೂ ಸಾಕು, ಮನುಷ್ಯ ಅಲ್ಲೇ ಬಂದಿ.

ಲೈಫ್ ಜಾಕೆಟ್ಟಿನ ಪಟ್ಟಿಗಳು ಮೈಗೆ ಬಿಗಿಯಾಗಿರಬೇಕು, ಆದರೆ ಕ್ಯಾಬಿನ್ನಿನೊಳಗೆ ಅದಕ್ಕೆ ಗಾಳಿ ತುಂಬಕೂಡದು. ತುಂಬಿದರೆ ಮೈ ಮೇಲೆದ್ದು ಬಾಗಿಲಿನತ್ತ ಮುಳುಗಿ ಸಾಗಲು ಆಗುವುದಿಲ್ಲ.

ಕ್ಯಾಬಿನ್ ಮಗುಚುವಾಗ ಒಂದು ಕೈ ಕಿಟಕಿಯ ಅಂಚಿನಲ್ಲೇ ಇರಬೇಕು. ಹೊರಳಾಟ ನಿಂತ ಮೇಲೆ ಇನ್ನೊಂದು ಕೈ ಬೆಲ್ಟ್ ಬಿಚ್ಚುತ್ತದೆ. ಹೊರಬಂದ ಮೇಲಷ್ಟೇ ಜಾಕೆಟ್ಟಿನ ದಾರ ಎಳೆಯುವುದು.