ಸೋರುವ ಮಾಳಿಗೆ, ಜೊತೆಗೊಂದು ಗಿಟಾರ್

ವೆಂಬ್ಲಿಯಲ್ಲಿ ಬೆಳೆದ ನಿಮಗೆ 1985ರ ಜುಲೈ 13ರ ಲೈವ್ ಏಡ್ ಕಥೆ ಹೊಸದಲ್ಲ. ಅಂದು ಇಲ್ಲಿನ ಹಳೆಯ ಸ್ಟೇಡಿಯಂನಲ್ಲಿ ಕ್ವೀನ್ ತಂಡ ‘ಬೊಹೀಮಿಯನ್ ರಾಪ್ಸಡಿ’ಯ ತುಣುಕಿನಿಂದಲೇ ಶುರು ಮಾಡಿತ್ತು. 1975ರ ಆ ಹಾಡಿಗೆ ಏನರ್ಥ ಅಂತ ಜನ ಇನ್ನೂ ವಾದ ಮಾಡುತ್ತಾರೆ, ಹಾಡುವುದನ್ನು ಮಾತ್ರ ಬಿಟ್ಟಿಲ್ಲ. ನಮ್ಮಲ್ಲೂ ಒಂದು ರಾಕ್ ತಂಡದ ಹಾಡಿದೆ. ಅದರ ಅರ್ಥ ತಿಳಿದರೆ ಕೇಳುವ ರೀತಿಯೇ ಬದಲಾಗುತ್ತದೆ.

ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಹಾಡುವ ರಘು ದೀಕ್ಷಿತ್ ನಿಮಗೆ ಗೊತ್ತು. 2011ರಲ್ಲಿ ಗ್ಲಾಸ್ಟನ್‌ಬರಿಯಲ್ಲೂ ಅವರ ತಂಡ ಹಾಡಿತು. 2008ರ ಅವರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಎರಡು ಹಾಡುಗಳಿವೆ. ಅದರಲ್ಲೊಂದು ‘ಸೋರುತಿಹುದು ಮನಿಯ ಮಾಳಿಗಿ’.

ಮೊದಲು ಆ ‘ಮನಿ’, ‘ಮಾಳಿಗಿ’ ನೋಡಿ. ಅಪ್ಪ ಅಮ್ಮ ಹೇಳಿಕೊಟ್ಟದ್ದು ಮನೆ, ಮಾಳಿಗೆ ಅಲ್ಲವೇ? ಧಾರವಾಡ ಕಡೆಯ ಮಾತಿನಲ್ಲಿ ಕೊನೆಯ ‘ಎ’ ಹೀಗೆ ‘ಇ’ ಆಗುತ್ತದೆ. ತಪ್ಪು ಕನ್ನಡ ಅಂತ ಯಾರಾದರೂ ನಕ್ಕರೆ ನಂಬಬೇಡಿ.

ಇಲ್ಲಿ ಮಾಳಿಗೆ ಅಂದರೆ ಮಣ್ಣಿನ ಚಪ್ಪಟೆ ಛಾವಣಿ. ಗೋಡೆಯ ಮೇಲೆ ದಪ್ಪ ತೊಲೆ, ಅದರ ಮೇಲೆ ಅಡ್ಡಡ್ಡ ಜಂತೆ, ಅದರ ಮೇಲೆ ಕಡ್ಡಿ ಸೊಪ್ಪು ಹಾಸಿ ಮಣ್ಣು ಮೆತ್ತುತ್ತಾರೆ. ಮಳೆಗಾಲಕ್ಕೆ ಮುಂಚೆ ಯಾರಾದರೂ ಮೇಲೆ ಹತ್ತಿ ಹುಲ್ಲು ಕಿತ್ತು, ಬಿರುಕು ಮುಚ್ಚಲೇಬೇಕು. ಬಿಟ್ಟರೆ ಮನೆ ಸೋರುತ್ತದೆ. ನಮ್ಮ ಲಾಫ್ಟ್ ಸೋರಿದರೆ ಬಿಲ್ಡರ್‌ಗೆ ಫೋನ್ ಮಾಡುತ್ತೇವೆ (ಅವನು ಬರುವುದು ಯಾವಾಗ ಅನ್ನುವುದು ಬೇರೆ ಮಾತು). ಶರೀಫರ ಮನೆಗೆ ಬರುವವರೇ ಇಲ್ಲ. ತೊಲೆ ಮುರಿದಿದೆ, ಜಂತೆಗೆ ಹುಳ ಹಿಡಿದಿದೆ, ಇರುವೆ ಮುತ್ತಿದೆ. ನೀರಿನ ರಭಸಕ್ಕೆ ಮಣ್ಣು ಕರಗಿ ಒಳಗೂ ಹೊರಗೂ ಒಂದೇ ಆಗಿದೆ. ಕತ್ತಲಲ್ಲಿ ಮೇಲೆ ಹತ್ತಲು ಹಾಡುವವನಿಗೇ ಧೈರ್ಯವಿಲ್ಲ.

ಈ ಮನೆ ನಮ್ಮ ದೇಹ, ಸೋರುವುದು ಅಜ್ಞಾನದಿಂದ ಅಂತ ತಿಳಿದವರು ವಿವರಿಸುತ್ತಾರೆ. ಅಜ್ಞಾನದ ಮಾತು ಹಾಡಿನಲ್ಲೇ ಇದೆ. ಆದರೆ ನನ್ನ ಮಾತು ಕೇಳಿ, ವೇದಾಂತಕ್ಕೆ ಅವಸರ ಬೇಡ. ಮೊದಲು ಅದು ನಿಜವಾಗಿ ಸೋರುವ ಮನೆಯಾಗಿಯೇ ಕಾಣಲಿ. ಒದ್ದೆ ಗೋಡೆಯ ವಾಸನೆ ಮೂಗಿಗೆ ಬಂದಮೇಲೆ ಆ ಇನ್ನೊಂದು ಭಯ ತಾನಾಗಿ ತಟ್ಟುತ್ತದೆ.

ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದವರು. ಮುಸ್ಲಿಂ ಮನೆಯ ಹುಡುಗ, ಗುರು ಬ್ರಾಹ್ಮಣರಾದ ಗೋವಿಂದ ಭಟ್ಟರು. ಇಬ್ಬರ ಊರಿನವರಿಗೂ ಅದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಅವರ ಪದಗಳನ್ನು ಹಳ್ಳಿಯ ಭಜನೆಯವರು ಬಾಯಲ್ಲೇ ಉಳಿಸಿದರು. ಆಮೇಲೆ ಸಿ. ಅಶ್ವಥ್ ಅವುಗಳನ್ನು ನಾಡಿಗೆಲ್ಲ ಹಾಡಿದರು. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರಕ್ಕೂ ಅವರದೇ ಸಂಗೀತ. ಕವಿ ತೀರಿಕೊಂಡು ಸುಮಾರು 120 ವರ್ಷದ ನಂತರ ಗಿಟಾರ್, ಡ್ರಮ್ಸ್ ಬಂದವು.

ಗಿಟಾರ್ ಬಂದು ಶರೀಫರು ಕೆಟ್ಟರು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಭಜನೆಯ ತಾಳ, ಏಕತಾರಿ ಕೂಡ ಆ ಕಾಲದವರ ಕೈಗೆ ಸಿಕ್ಕ ವಾದ್ಯಗಳೇ. ನನ್ನ ಚಿಂತೆ ಬೇರೆ. ಗ್ಲಾಸ್ಟನ್‌ಬರಿಯ ಇಂಗ್ಲಿಷರು ಕನ್ನಡ ತಿಳಿಯದೆ ಕುಣಿದರೆ ಅದು ಸರಿ. ನೀವೂ ಅವರಷ್ಟೇ ತಿಳಿದು ಕುಣಿದರೆ ಮಾಳಿಗೆ, ತೊಲೆ, ಜಂತೆ ಅನ್ನುವ ಪದಗಳು ನಿಮ್ಮ ಮನೆಯಲ್ಲಿ ಇಲ್ಲಿಗೇ ನಿಂತುಬಿಡುತ್ತವೆ.

ಈ ವಾರ ಅಶ್ವಥ್ ಹಾಡಿದ್ದನ್ನು ಮೊದಲು ಕೇಳಿ, ಆಮೇಲೆ ರಘು ದೀಕ್ಷಿತ್ ಅವರದ್ದು. ಊರಲ್ಲಿ ಅಜ್ಜಿ ತಾತ ಇದ್ದರೆ ಭಾನುವಾರದ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ: ನೀವು ಚಿಕ್ಕವರಿದ್ದಾಗ ಮನೆ ಸೋರುತ್ತಿತ್ತಾ, ಮೇಲೆ ಹತ್ತುತ್ತಿದ್ದವರು ಯಾರು?